ಖಾಲಿ ಕಾರಿನ ಕೆಂಪು ದೀಪ

ಅಕ್ಟೋಬರ್ 9, ಗುರುವಾರ

ರಾತ್ರಿ ಎರಡೂ ಮುಕ್ಕಾಲು ಗಂಟೆ. ಗುರ್‌ರ್... ಟಕ್. ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಗುರ್‌ರ್... ಟಕ್. ಎಚ್ಚರವಾದದ್ದು ಇದಕ್ಕೇ. ಹ್ಯಾಟಿ ಇವತ್ತು ಒಮ್ಮೆಯೂ ಎದ್ದಿಲ್ಲ. ಹುಟ್ಟಿದಾಗಿನಿಂದ ಮೊದಲ ಸಲ ಮಗು ಇಷ್ಟು ಹೊತ್ತು ಮಲಗಿದೆ, ತಾಯಿ ಎದ್ದು ಕೂತು ಸದ್ದು ಆಲಿಸುತ್ತಿದ್ದಾಳೆ.

ಹೀಟರಿನ ಫ್ಯಾನು ಇರಬೇಕು ಅಂದುಕೊಂಡೆ. ಅಲ್ಲ. ನೀರಿನ ಪಂಪೂ ಅಲ್ಲ. ಈ ಮನೆಬಸ್ಸಿನಲ್ಲಿ ಎರಡು ವರ್ಷ ಸಂಸಾರ ಮಾಡಿದ್ದೇನೆ, ಇದರ ಒಂದೊಂದು ನರಳಾಟವೂ ಗೊತ್ತು. ಇದು ನಮ್ಮದಲ್ಲ. ಪರದೆ ಸರಿಸಿದೆ. ಮನೆಬಸ್ಸುಗಳು ತಂಗುವ ಈ ಬಿಡಾರದಲ್ಲಿ ಪಕ್ಕದ ಜಾಗಕ್ಕೆ ಸಂಜೆ ಬಂದು ನಿಂತ ಕೆನೆಬಣ್ಣದ ದೊಡ್ಡ ಮನೆಬಸ್ಸು; ಅದರ ಹಿಂದೆ ಕೊಂಡಿ ಹಾಕಿ ಕಟ್ಟಿದ ಪುಟ್ಟ ಹಸಿರು ಕಾರು. ಕಾರಿನ ಬ್ರೇಕು ದೀಪ ಎರಡೂ ಕೆಂಪಗೆ ಉರಿಯುತ್ತಿವೆ. ಒಳಗೆ ಯಾರೂ ಇಲ್ಲ.

ಗಂಡ ರಾಯ್ಸ್‌ನ ಕೋಟು ಹಾಕಿಕೊಂಡು ಟಾರ್ಚು ಹಿಡಿದು ಹೋಗಿ ಗಾಜಿನಲ್ಲಿ ಇಣುಕಿದೆ. ಚಾಲಕನ ಸೀಟಿನ ಮುಂದೆ, ಕಾಲಿಡುವ ಜಾಗದಲ್ಲಿ ಒಂದು ಕಪ್ಪು ಪೆಟ್ಟಿಗೆ. ಅದರಿಂದ ಹೊರಟ ಕಬ್ಬಿಣದ ತೋಳೊಂದು ಬ್ರೇಕಿನ ಪೆಡಲನ್ನು ಹಿಡಿದುಕೊಂಡಿದೆ. ಗುರ್‌ರ್ ಅನ್ನುವುದು ಪೆಟ್ಟಿಗೆಯೇ. ಖಾಲಿ ಕಾರಿಗೆ ಯಾರೋ ಒಂದು ಕಾಲು ಕೊಟ್ಟು ಹೋಗಿದ್ದಾರೆ.

ದೀಪ ಹೀಗೇ ಉರಿದರೆ ಬೆಳಗಾಗುವಷ್ಟರಲ್ಲಿ ಬ್ಯಾಟರಿ ಸಾಯುತ್ತದೆ. ಬಾಗಿಲು ಬಡಿದು ಹೇಳಬೇಕಿತ್ತು. ಮೆಟ್ಟಿಲ ತನಕ ಹೋಗಿ ವಾಪಸು ಬಂದೆ. ಗುರುತಿಲ್ಲದವರನ್ನು ನಿದ್ದೆಯಿಂದ ಎಬ್ಬಿಸುವುದೆಂದರೆ ನನಗೆ ಜ್ವರ ಬಂದಂತಾಗುತ್ತದೆ.

ನಿದ್ದೆ ಕೆಟ್ಟಿರುವುದು ಭಾನುವಾರದಿಂದ. ಈ ಸಲೈಡಾ ಊರಿನ ಕಡೆಗೆ ಇಳಿಯುವಾಗ ಸುಟ್ಟ ವಾಸನೆ ಬಂತು. ರಾಯ್ಸ್ ಬ್ರೇಕು ಒತ್ತುತ್ತಲೇ ಇದ್ದ, ಬಸ್ಸು ನಿಧಾನವಾಗುತ್ತಲೇ ಇರಲಿಲ್ಲ. ಹಿಂದೆ ನಮ್ಮ ಕಾರು ನಾಲ್ಕೂ ಚಕ್ರದ ಮೇಲೆ ಉರುಳುತ್ತಾ ನಮ್ಮನ್ನು ದೂಡುತ್ತಿತ್ತು. ಅವನು ತಮಾಷೆ ಮಾಡುವುದನ್ನು ನಿಲ್ಲಿಸಿದ. ನನಗೆ ಭಯವಾದದ್ದು ಆಗ. ತಿಂಗಳ ಕೊನೆಗೆ ಅವನ ಹೊಸ ಕೆಲಸ ಯೂಟಾದ ಗಾಳಿಗಿರಣಿಗಳಲ್ಲಿ. ಇಲ್ಲಿಗೂ ಅಲ್ಲಿಗೂ ನಡುವೆ ಮೊನಾರ್ಕ್ ಘಾಟಿ ಇದೆ. ಭಾನುವಾರದ ಇಳಿಜಾರು ಅದರ ಮುಂದೆ ಏನೂ ಅಲ್ಲ.

ಅಕ್ಟೋಬರ್ 10

ಅಂದುಕೊಂಡ ಹಾಗೇ ಬ್ಯಾಟರಿ ಸತ್ತಿತ್ತು. ರಾಯ್ಸ್ ವೈರು ಹಾಕಿ ಜೀವ ಕೊಟ್ಟ, ಮತ್ತೆ ಸಾಯದಿರಲಿ ಅಂತ ಆ ಬಸ್ಸಿನಿಂದ ಕಾರಿಗೆ ಬ್ಯಾಟರಿ ತುಂಬುವ ವೈರನ್ನೂ ಎಳೆದ. ಕಾರಿನವಳ ಹೆಸರು ವರ್ಲೀನ್. ಎಪ್ಪತ್ತು ದಾಟಿದೆ, ಗಂಡ ಹೋದ ಮೇಲೆ ಒಬ್ಬಳೇ ಅಷ್ಟುದ್ದದ ಬಸ್ಸು ಓಡಿಸಿಕೊಂಡು ಚಳಿಗಾಲಕ್ಕೆ ಅರಿಜೋನಾಕ್ಕೆ ಹೋಗುತ್ತಾಳೆ. ತುಟಿಗೆ ಕೆಂಪು, ಕಾಲಿಗೆ ಗಂಡಸರ ಬೂಟು.

"ಪೆಟ್ಟಿಗೆ ಆಫ್ ಮಾಡದೆ ಹೋದವರು ಯಾರೋ ಇದ್ದಾರೆ. ಆ ಯಾರೋ ನಾನೇ," ಅಂದಳು.

ನಾನು ಕೇಳಿದ್ದಕ್ಕೆಲ್ಲ ಹೇಳಿದಳು. ಮುಂದೆ ಬಸ್ಸಿನ ಬ್ರೇಕು ಒತ್ತಿದಾಗ ಹಿಂದಿನ ಪೆಟ್ಟಿಗೆಗೆ ಆ ಎಳೆತ ತಿಳಿಯುತ್ತದೆ. ಅಷ್ಟೇ ಜೋರಿನಲ್ಲಿ ಅದೂ ಕಾರಿನ ಬ್ರೇಕು ಒತ್ತುತ್ತದೆ. ಒಳಗೆ ಗಾಳಿ ತುಂಬುವ ಪುಟ್ಟ ಪಂಪಿದೆ, ರಾತ್ರಿ ಕೇಳಿದ್ದು ಅದು.

"ಆದರೆ ಬಸ್ಸು ನಿಂತೇ ಇತ್ತಲ್ಲ. ದೀಪ ಯಾಕೆ ಉರೀತಿತ್ತು?"

"ಪೆಟ್ಟಿಗೆ ಅಲುಗಾಡಬಾರದು ಅಂತ ಸೀಟನ್ನು ಮುಂದಕ್ಕೆ ಒತ್ತಿ ಬಿಗಿ ಮಾಡ್ತೀನಿ. ತೋಳು ಪೆಡಲಿಗೆ ಒರಗಿಕೊಂಡಿರುತ್ತೆ. ಒರಗಿದರೆ ಏನಾಯ್ತು, ಒತ್ತಲ್ಲವಲ್ಲ. ನೀನೇನು, ವಿಮೆ ಕಂಪನಿಯವಳಾ?"

"ಅಲ್ಲ. ಕಾಲೇಜಿನಲ್ಲಿ ಹೊಳೆಯ ಹುಳ ಎಣಿಸ್ತಿದ್ದೆ."

"ಸದ್ಯ. ವಿಮೆಯವರಿಗಿಂತ ಹುಳ ವಾಸಿ ಬಿಡು, ಮರಿ."

ತನ್ನ ಬಸ್ಸಿನ ಒಳಗೂ ತೋರಿಸಿದಳು. ಹಿಂದಿನ ಕಾರಿನ ಬ್ರೇಕು ಬಿದ್ದಾಗ ಹೊತ್ತಿಕೊಳ್ಳುವ ಪುಟ್ಟ ದೀಪ ಸ್ಟಿಯರಿಂಗಿನ ಪಕ್ಕ ಇದೆ. ಅದರ ಮೇಲೆ ಗಾಯಕ್ಕೆ ಹಚ್ಚುವ ಪಟ್ಟಿ ಅಂಟಿಸಿದ್ದಾಳೆ. ಯಾಕೆ ಅಂದರೆ, "ಸದಾ ಉರೀತಾ ಕಣ್ಣಿಗೆ ಚುಚ್ಚುತ್ತೆ." ರಾಯ್ಸ್ ಬಿದ್ದು ಬಿದ್ದು ನಕ್ಕ. ನಾನೂ ನಕ್ಕೆ.

ಅಕ್ಟೋಬರ್ 13

ರಾತ್ರಿ ಊಟಕ್ಕೆ ಬೀನ್ಸು. ಜೊತೆಗೆ ಜಗಳ: ನಮಗೂ ಒಂದು ಪೆಟ್ಟಿಗೆ ಬೇಕು ಅಂತ ನಾನು, ಬೇಡ ಅಂತ ರಾಯ್ಸ್.

"ನಮ್ಮಪ್ಪ ಇಪ್ಪತ್ತು ವರ್ಷ ಹೀಗೇ ಎಳೆದ. ಪೆಟ್ಟಿಗೆಯೂ ಇಲ್ಲ, ಗಿಟ್ಟಿಗೆಯೂ ಇಲ್ಲ."

"ನಿಮ್ಮಪ್ಪ ಎಳೆದದ್ದು ಕಾನ್ಸಾಸ್‌ನಲ್ಲಿ. ಅಲ್ಲಿ ಬೆಟ್ಟ ನೋಡಬೇಕಾದರೆ ಪೋಸ್ಟ್‌ಕಾರ್ಡ್ ತರಿಸಬೇಕು."

ಅವನಿಗೆ ನಗು ಬಂತು, ತಡೆದುಕೊಂಡ. "ಆ ಭಾನುವಾರ ಏನೂ ಆಗಲಿಲ್ಲವಲ್ಲ?"

"ನೀನು ತಮಾಷೆ ಮಾಡೋದನ್ನ ನಿಲ್ಲಿಸಿದೆ, ರಾಯ್ಸ್."

ಅವನು ಎದ್ದ. ತಟ್ಟೆ ತೊಳೆದ. ನಾನು ಹೇಳದೆಯೇ ಅವನು ತಟ್ಟೆ ತೊಳೆದನೆಂದರೆ ನಾನು ಅರ್ಧ ಗೆದ್ದ ಹಾಗೆ.

ಅಕ್ಟೋಬರ್ 14

ಹ್ಯಾಟಿಗೆ ಹಲ್ಲು. ಮೂವರಿಗೂ ನಿದ್ದೆಯಿಲ್ಲ.

ಅಕ್ಟೋಬರ್ 15, ಬುಧವಾರ

ಬೆಳಗ್ಗೆಯೆಲ್ಲ ಮಗುವನ್ನು ತೊಡೆ ಮೇಲೆ ಹಾಕಿಕೊಂಡು ಇಂಥ ಬ್ರೇಕುಗಳ ಬಗ್ಗೆ ಓದಿದೆ. ಎಷ್ಟೊಂದು ಬಗೆ. ಒಂದು ಪೆಟ್ಟಿಗೆ, ವರ್ಲೀನಳದರಂಥದ್ದು: ಇಟ್ಟು ತೆಗೆಯಬಹುದು, ಕಾರು ಬದಲಾದರೂ ಜೊತೆಗೆ ಬರುತ್ತದೆ, ಆದರೆ ಕಾರು ಓಡಿಸುವಾಗೆಲ್ಲ ಎತ್ತಿ ಡಿಕ್ಕಿಗೆ ಹಾಕಬೇಕು. ಮತ್ತೊಂದು, ಬಸ್ಸಿನ ಗಾಳಿಬ್ರೇಕಿನಿಂದಲೇ ಕೊಳವೆ ಎಳೆಯುವುದು. ನಮ್ಮ ಹಳೇ ಪೆಟ್ರೋಲ್ ಬಸ್ಸಿಗೆ ಗಾಳಿಬ್ರೇಕೇ ಇಲ್ಲ, ಅದು ಬಿಟ್ಟಿತು. ಇನ್ನೊಂದು, ಕಾರಿನ ಒಳಗೇ ಕಾಣದಂತೆ ಕೂರಿಸಿಬಿಡುವುದು. ಪ್ಲಗ್ಗು ಚುಚ್ಚಿದರೆ ಮುಗಿಯಿತು, ಮರೆಯಲು ಏನೂ ಇಲ್ಲ. ನಿದ್ದೆಗೆಟ್ಟು ಮೊಸರಿನ ಡಬ್ಬಿಯನ್ನು ಬಟ್ಟೆಯ ಕಪಾಟಿನಲ್ಲಿ ಇಟ್ಟ ನನ್ನಂಥವಳಿಗೆ ಇಂಥದ್ದೇ ಸರಿ.

ಎಲ್ಲದಕ್ಕೂ ಒಂದು ದಾರ ಬೇಕು, ಕೊಂಡಿ ಕಳಚಿ ಕಾರು ಬೇರೆಯಾದರೆ ಅದು ಪಿನ್ನು ಕಿತ್ತು ಕಾರಿನ ಬ್ರೇಕು ಹಾಕಿಬಿಡುತ್ತದೆ. ಇದನ್ನು ಓದಿ ಭಯವಾಗಬೇಕಿತ್ತು. ಎಷ್ಟು ಚೆನ್ನಾಗಿ ಯೋಚಿಸಿದ್ದಾರೆ ಅನ್ನಿಸಿತು.

ಮಧ್ಯಾಹ್ನ ಮೂವರೂ ಊರಿನ ಬ್ರೇಕಿನ ಅಂಗಡಿಗೆ ಹೋದೆವು. ಒಳಗೆ ಕೂರಿಸುವುದಕ್ಕೆ ನವೆಂಬರ್ ನಡುವಿನ ತನಕ ಪುರಸೊತ್ತಿಲ್ಲವಂತೆ. "ಬೇಟೆಯ ಕಾಲ, ಎಲ್ಲರದ್ದೂ ಅವಸರ," ಅಂದ ಅಂಗಡಿಯವನು. ಅಷ್ಟು ಹೊತ್ತಿಗೆ ಘಾಟಿಯಲ್ಲಿ ಹಿಮ ಬಿದ್ದಿರುತ್ತದೆ. ಪೆಟ್ಟಿಗೆಯನ್ನೇ ತಂದೆವು. ರಾಯ್ಸ್ ಅದನ್ನು ಹ್ಯಾಟಿಯ ಪಕ್ಕ ಇಟ್ಟು ಬೆಲ್ಟು ಹಾಕಿದ. "ಎರಡನೆಯದು. ಇದು ಅಳಲ್ಲ, ಬರೀ ಗುರ್ ಅನ್ನುತ್ತೆ."

ಅಕ್ಟೋಬರ್ 17

ಪೆಟ್ಟಿಗೆಯ ಜೊತೆ ಬಂದ ಪುಸ್ತಕದ ಪ್ರಕಾರ, ಅದನ್ನು ಕೂರಿಸುವ ಮುಂಚೆ ಇಂಜಿನ್ ಆರಿಸಿ ಬ್ರೇಕಿನ ಪೆಡಲನ್ನು ಕಲ್ಲಿನಂತಾಗುವ ತನಕ ಒತ್ತಿ ಒತ್ತಿ ಬಿಡಬೇಕು. ಯಾಕೆ ಅಂತ ಬರೆದಿಲ್ಲ. ಒತ್ತಿ ನೋಡಿದೆ. ಮೊದಲ ಸಲ ಮೆತ್ತಗೆ ಇಳಿಯಿತು, ಎರಡನೆಯದು ಅರ್ಧ, ಮೂರು ನಾಲ್ಕಕ್ಕೆ ಕಲ್ಲು. ಇಂಜಿನ್ ಹಾಕಿದೆ, ನನ್ನ ಪಾದದ ಕೆಳಗೇ ಪೆಡಲು ನಿಟ್ಟುಸಿರು ಬಿಟ್ಟ ಹಾಗೆ ಕುಸಿಯಿತು. ಆರಿಸಿ ಮತ್ತೆ ಒತ್ತಿದೆ. ಇದನ್ನೇ ಎಷ್ಟು ಹೊತ್ತು ಆಡಿದೆನೋ, ರಾಯ್ಸ್ ಬಂದು ಗಾಜು ತಟ್ಟಿದ.

"ಎಲ್ಲಿಗಾದರೂ ಹೋಗ್ತಿದ್ದೀಯಾ?"

"ಇಂಜಿನ್ ಓಡುವಾಗ ಅದು ಒಂದು ಡಬ್ಬಿಯಿಂದ ಗಾಳಿ ಹೀರಿಟ್ಟಿರುತ್ತೆ ಕಣೋ. ನಮ್ಮ ಕಾಲಿಗೆ ಆ ಡಬ್ಬಿ ಸಹಾಯ ಮಾಡುತ್ತೆ. ಇಂಜಿನ್ ಆರಿದ ಮೇಲೂ ಎರಡು ಮೂರು ಒತ್ತಿಗೆ ಆಗುವಷ್ಟು ಬಲ ಅದರಲ್ಲಿ ಉಳಿದಿರುತ್ತೆ. ಅದನ್ನು ಖಾಲಿ ಮಾಡು ಅಂತಾರೆ ಇವರು."

"ಮಾರೆನ್, ನೀನು ಊಟ ಮಾಡಿದೆಯಾ?"

ಮಾಡಿರಲಿಲ್ಲ.

ಅಕ್ಟೋಬರ್ 20, ಸೋಮವಾರ

ಏಳರ ತನಕ ಮಲಗಿಬಿಟ್ಟೆ. ಗಂಜಿ ಸೀದು ಪಾತ್ರೆ ಹಾಳು.

ವರ್ಲೀನ್ ತನ್ನ ಕಾರಿನ ಪುಸ್ತಕ ತಂದು ನನ್ನ ಮುಂದೆ ಬಿಸಾಕಿದಳು. ಹಳೇ ಕಾರು ಆಗಸ್ಟಿನಲ್ಲಿ ಹೋಯಿತಂತೆ. ಹಸಿರು ಕಾರು ಅವಳಿಗೆ ಹೊಸದು, ಬೆಟ್ಟ ಕಂಡಿಲ್ಲ. "ಅಕ್ಷರ ಇರುವೆಯ ಹಾಗಿದೆ. ನೀನು ಹುಳ ಎಣಿಸಿದವಳು, ಓದು."

ಓದಿದೆ. ಒಳ್ಳೆಯದೇ ಆಯಿತು. ಈ ಕಾರನ್ನು ಕಟ್ಟಿ ಎಳೆಯುವಾಗ ದಿನಾ ಬೆಳಗ್ಗೆ ಹೊರಡುವ ಮುಂಚೆ ಐದು ನಿಮಿಷ ಇಂಜಿನ್ ಓಡಿಸಬೇಕು, ಇಲ್ಲದಿದ್ದರೆ ಗೇರ್‌ಬಾಕ್ಸಿನ ಒಳಗೆ ಎಣ್ಣೆ ಹರಡದೆ ಅದು ಸುಟ್ಟುಹೋಗುತ್ತದೆ. ವರ್ಲೀನ್‌ಗೆ ಗೊತ್ತೇ ಇರಲಿಲ್ಲ. ಹಳದಿ ಚೀಟಿಯ ಮೇಲೆ ದೊಡ್ಡ ಅಕ್ಷರದಲ್ಲಿ ಬರೆದು ಅವಳ ಸ್ಟಿಯರಿಂಗಿಗೆ ಅಂಟಿಸಿದೆ: ಹೊರಡುವ ಮುಂಚೆ ಐದು ನಿಮಿಷ ಇಂಜಿನ್.

"ಗಂಡ ಬದುಕಿದ್ದಾಗಲೂ ಇಷ್ಟು ಅಪ್ಪಣೆ ಆಗಿರಲಿಲ್ಲ," ಅಂದಳು. ಆದರೆ ಹೋಗುವಾಗ ಒಂದು ಬಾಟಲಿ ಪೀಚ್ ಹಣ್ಣಿನ ಜಾಮು ಕೊಟ್ಟಳು.

ಸಂಜೆ ಹನ್ನೆರಡನೆಯ ಜಾಗದ ಗಂಡ ಹೆಂಡತಿ ಬಂದು ಬಾಗಿಲು ತಟ್ಟಿದರು. ಬ್ರೇಕಿನ ಪೆಟ್ಟಿಗೆ ಯಾವುದು ಒಳ್ಳೆಯದು ಅಂತ ಕೇಳುವುದಕ್ಕಂತೆ. ಕೂರಿಸಿ ಕಾಫಿ ಕೊಟ್ಟೆ. ಹೊರಡುವಾಗ ಕತ್ತಲಾಗಿತ್ತು.

ಅಕ್ಟೋಬರ್ 22

ರಾಯ್ಸ್ ವಯೋಮಿಂಗ್‌ಗೆ ಹೋದ. ಹಳೇ ಕಂಪನಿಯಲ್ಲಿ ಕೊನೆಯ ನಾಲ್ಕು ದಿನದ ಕೆಲಸ ಬಾಕಿ ಇತ್ತು. ಕಾರು ತೆಗೆದುಕೊಂಡು ಹೋಗಿದ್ದಾನೆ, ಪೆಟ್ಟಿಗೆಯೂ ಡಿಕ್ಕಿಯಲ್ಲೇ ಹೋಯಿತು. ನಾನು, ಹ್ಯಾಟಿ, ಕದಲಿಸಲಾಗದ ಮನೆ. ಬಸ್ಸು ಓಡಿಸಲು ನನಗೆ ಬರುವುದಿಲ್ಲ, ಕಲಿಯಬೇಕು.

ಅಕ್ಟೋಬರ್ 24, ಶುಕ್ರವಾರ, ಸಂಜೆ

ವರ್ಲೀನ್ ಇಂಜಿನ್ ಓಡಿಸಿ ಆರಿಸಿ, ಪೆಡಲು ಕಲ್ಲು ಮಾಡಿ, ಆಮೇಲೆ ಪೆಟ್ಟಿಗೆ ಕೂರಿಸಿ ಮಧ್ಯಾಹ್ನ ಹೊರಟಳು. ನಾಳೆ ಮಧ್ಯಾಹ್ನದ ಮೇಲೆ ಹಿಮ ಅಂತ ಹೇಳಿದ್ದಾರೆ, ಅದಕ್ಕೆ ಮುಂಚೆ ಘಾಟಿ ದಾಟಬೇಕು. ಇವತ್ತು ರಾತ್ರಿ ಘಾಟಿಯ ತುದಿಯ ಜಲ್ಲಿ ಮೈದಾನದಲ್ಲಿ ಮಲಗಿ, ಬೆಳಕು ಹರಿಯುತ್ತಲೇ, ಗಾಳಿ ಏಳುವ ಮುಂಚೆ ಆ ಕಡೆ ಇಳಿಯುತ್ತಾಳಂತೆ. ಕಿವಿಯ ಯಂತ್ರ ತೆಗೆದಿಟ್ಟರೆ ಸ್ವರ್ಗದಂಥ ನಿದ್ದೆ ಅಲ್ಲಿ, ಅಂದಳು.

"ಚೀಟಿ ನೆನಪಿದೆಯಾ?"

"ಐದು ನಿಮಿಷ ಇಂಜಿನ್. ಎಣಿಸ್ತಾ ಕೂತಿರ್ತೀನಿ, ಟೀಚರಮ್ಮ." ಹ್ಯಾಟಿಯ ಪಾದಕ್ಕೆ ಮುತ್ತು ಕೊಟ್ಟು, ಲಿಪ್‌ಸ್ಟಿಕ್ಕಿನ ಗುರುತು ಬಿಟ್ಟು ಹೋದಳು. ಹಸಿರು ಕಾರು ತಿರುವಿನಲ್ಲಿ ಹೋಗುವ ತನಕ ನೋಡುತ್ತಾ ನಿಂತಿದ್ದೆ. ಕೆಂಪು ದೀಪ ಉರಿಯುತ್ತಲೇ ಇತ್ತು.

ಅದೇ ದಿನ, ಒಂಬತ್ತು ದಾಟಿದೆ

ಮಗುವಿನ ಕಾಲಿನ ಲಿಪ್‌ಸ್ಟಿಕ್ಕು ಒರೆಸುವಾಗ ಹೊಳೆಯಿತು. ಕೆಂಪು ಕಂಡದ್ದಕ್ಕೋ ಏನೋ. ಆ ದೀಪ ಯಾಕೆ ಉರಿಯುತ್ತದೆ ಅಂತ ಮೊದಲ ದಿನ ಕೇಳಿದ್ದೆ. ತೋಳು ಒರಗಿರುತ್ತದೆ, ಒತ್ತುವುದಿಲ್ಲ ಅಂದಿದ್ದಳು. ಹೌದು, ಪೆಡಲು ಕಲ್ಲಾಗಿದ್ದರೆ ಒರಗುವುದು ಬರೀ ಒರಗುವುದೇ. ಆದರೆ ಇಂಜಿನ್ ಓಡಿಸಿದ ಮೇಲೆ? ಡಬ್ಬಿಗೆ ಮತ್ತೆ ಬಲ ಬಂದು, ಒರಗಿದ ತೋಳಿಗೂ ಅದು ಸಹಾಯ ಮಾಡಿದರೆ?

ರಾಯ್ಸ್‌ಗೆ ಫೋನ್ ಮಾಡಿದೆ. ಮಲಗಿದ್ದ. ಏನು ಎತ್ತ ಕೇಳದೆ ಬೂಟು ಹಾಕಿಕೊಂಡ. ಎರಡು ವಾರದ ಹಿಂದೆ ಹೀಗೆ ಹೋಗುತ್ತಿರಲಿಲ್ಲ.

"ಪೆಡಲ್ ಕಲ್ಲು ಮಾಡು. ಪೆಟ್ಟಿಗೆ ಇಟ್ಟು ಸೀಟು ಪೂರ್ತಿ ಬಿಗಿ ಮಾಡು, ತೋಳು ಒರಗಬೇಕು, ದೀಪ ಉರೀಬೇಕು."

"ಉರೀತಿದೆ. ಈಗ?"

"ನ್ಯೂಟ್ರಲ್‌ಗೆ ಹಾಕಿ, ಕೈಬ್ರೇಕು ಬಿಟ್ಟು, ಕಾರು ತಳ್ಳು."

ಏದುಸಿರು. "ಹೋಗ್ತಿದೆ. ಸಲೀಸಾಗಿ. ಕೆಲಸದ ಹುಡುಗರೆಲ್ಲ ಕಿಟಕಿಯಿಂದ ನೋಡ್ತಿದ್ದಾರೆ ಕಣೇ, ಸ್ವಂತ ಕಾರು ತಳ್ಳೋ ಹುಚ್ಚನ್ನ."

"ನೋಡಲಿ. ಬೇರೇನೂ ಮುಟ್ಟಬೇಡ. ಇಂಜಿನ್ ಮಾತ್ರ ಹಾಕಿ, ಐದು ನಿಮಿಷ ಬಿಟ್ಟು ಆರಿಸು. ಆಮೇಲೆ ಮತ್ತೆ ತಳ್ಳು."

ಒಂದು ಸಲಕ್ಕೆ ಒಂದನ್ನೇ ಬದಲಿಸು: ಹೊಳೆಯಲ್ಲಿ ಕಲಿತದ್ದು ಅದೊಂದೇ. ಐದು ನಿಮಿಷ ಫೋನು ಕಿವಿಗೆ ಹಿಡಿದು ಕಾದೆ. ಹ್ಯಾಟಿ ನಿದ್ದೆಯಲ್ಲೇ ಚೀಪುವ ಸದ್ದು ಮಾಡಿದಳು, ಅವನಿಗೂ ಕೇಳಿಸಿತಂತೆ.

ಆಮೇಲೆ ಅವನ ದನಿ ಬದಲಾಯಿತು. "ಪೆಡಲು ತಾನಾಗಿಯೇ ಕೆಳಗಿಳಿದು ಕೂತಿದೆ. ಮಾರೆನ್, ಇದು ಕದಲ್ತಿಲ್ಲ. ಭುಜ ಕೊಟ್ಟು ತಳ್ಳಿದೆ, ಜಪ್ಪಯ್ಯ ಅನ್ನಲಿಲ್ಲ."

ಅಂದರೆ ನಾಳೆ ಬೆಳಗ್ಗೆ, ಪೆಟ್ಟಿಗೆ ಆಗಲೇ ಕೂತಿರುವಾಗ, ವರ್ಲೀನ್ ನನ್ನ ಚೀಟಿ ನೋಡಿ ಇಂಜಿನ್ ಓಡಿಸುತ್ತಾಳೆ. ಬಿಗಿಯಾಗಿ ಒರಗಿದ ತೋಳು ಪೆಡಲನ್ನು ಒತ್ತಿ ಹಿಡಿಯುತ್ತದೆ, ಹಿಡಿದೇ ಇರುತ್ತದೆ. ಅಷ್ಟು ದೊಡ್ಡ ಬಸ್ಸಿಗೆ ಈ ಪುಟ್ಟ ಕಾರಿನ ಹಿಡಿತ ತಿಳಿಯುವುದೇ ಇಲ್ಲ; ಘಾಟಿ ಇಳಿಯುವ ತನಕ ಎಳೆದುಕೊಂಡು ಹೋಗುತ್ತದೆ. ಬ್ರೇಕು ಕಾಯುತ್ತದೆ, ಚಕ್ರ ಹೊತ್ತಿಕೊಳ್ಳುತ್ತದೆ. ಎಚ್ಚರಿಸಬೇಕಾದ ಒಂದೇ ದೀಪದ ಮೇಲೆ ಅವಳು ಪಟ್ಟಿ ಅಂಟಿಸಿದ್ದಾಳೆ. ಇಂಜಿನ್ ಓಡಿಸು ಅಂದವಳು ನಾನು. ಓಡಿಸಿದ ಮೇಲೆ ಮತ್ತೆ ಕಲ್ಲು ಮಾಡು ಅನ್ನಲಿಲ್ಲ.

ಅವಳ ಫೋನು ಹೋಗುತ್ತಿಲ್ಲ. ತುದಿಯಲ್ಲಿ ಸಿಗ್ನಲ್ ಇಲ್ಲ. ಹೆದ್ದಾರಿ ಪೊಲೀಸಿಗೆ ಮಾಡಿದೆ. ಫೋನ್ ಎತ್ತಿದ ಹೆಂಗಸು ಸಾವಧಾನವಾಗಿ ಎಲ್ಲ ಬರೆದುಕೊಂಡಳು, ಆದರೆ ಇನ್ನೊಂದು ರಸ್ತೆಯಲ್ಲಿ ಲಾರಿ ಮಗುಚಿದೆಯಂತೆ, ಯಾರಾದರೂ ಬಿಡುವಾದರೆ ಕಳಿಸುತ್ತೇನೆ ಅಂದಳು. ಹನ್ನೆರಡನೆಯ ಜಾಗದವರು ನಿನ್ನೆಯೇ ಹೊರಟುಹೋದರು. ಉಳಿದ ಬಾಗಿಲುಗಳನ್ನೂ ಬಡಿದೆ, ಬೆಳಕಿದ್ದವನ್ನೂ ಇಲ್ಲದವನ್ನೂ. ಒಬ್ಬ ಮುದುಕ ಚಡ್ಡಿಯಲ್ಲೇ ಬಂದು, ರಾತ್ರಿ ಕಣ್ಣು ಕಾಣಲ್ಲಮ್ಮ ಅಂದ. ರಾಯ್ಸ್ ಹೊರಟಿದ್ದಾನೆ, ಆದರೆ ಬರುವಷ್ಟರಲ್ಲಿ ಬೆಳಗಾಗಿರುತ್ತದೆ.

ಕೂಡುರಸ್ತೆಯ ಪೆಟ್ರೋಲ್ ಬಂಕು ಇಲ್ಲಿಂದ ನಡೆಯುವಷ್ಟು ದೂರ. ಘಾಟಿ ಹತ್ತುವವರೆಲ್ಲ ಅಲ್ಲಿ ನಿಲ್ಲಿಸುತ್ತಾರೆ: ಲಾರಿಯವರು, ಹಿಮ ತೆಗೆಯುವ ಗಾಡಿಯವರು. ಹ್ಯಾಟಿಯನ್ನು ಎದೆಗೆ ಕಟ್ಟಿಕೊಂಡು ಹೋಗುತ್ತೇನೆ. ಒಂದೊಂದು ಪಂಪಿಗೂ ಒಂದೊಂದು ಹಾಳೆ ಅಂಟಿಸಬೇಕು, ಒಳಗೆ ಕೂತವನ ಕೈಗೂ ಕೊಡಬೇಕು. ಮೊದಲು ಇಲ್ಲೇ ಬರೆದು ನೋಡುತ್ತೇನೆ, ಆಮೇಲೆ ಪ್ರತಿ ಮಾಡಿದರಾಯಿತು.

ಘಾಟಿ ಹತ್ತುತ್ತಿರುವವರೇ,

ತುದಿಯ ಮೈದಾನದಲ್ಲಿ ಕೆನೆಬಣ್ಣದ ಉದ್ದನೆಯ ಮನೆಬಸ್ಸು ನಿಂತಿದೆ, ಹಿಂದೆ ಪುಟ್ಟ ಹಸಿರು ಕಾರು. ಒಳಗೆ ವರ್ಲೀನ್ ಅನ್ನುವವರು ಒಬ್ಬರೇ ಮಲಗಿದ್ದಾರೆ. ದಯವಿಟ್ಟು ಅವರನ್ನು ಎಬ್ಬಿಸಿ. ಕಿವಿ ಕೇಳುವುದಿಲ್ಲ, ಬಾಗಿಲು ಬಡಿಯಿರಿ, ಕಿಟಕಿಗೆ ದೀಪ ಬಿಡಿ, ಹಾರನ್ನು ಹೊಡೆಯಿರಿ. ಬೈದರೆ ಬೈಸಿಕೊಳ್ಳಿ. ಸಂಕೋಚ ಬೇಡ, ನನಗಾಗಿ.

ಅವರಿಗೆ ಇಷ್ಟು ಹೇಳಿ: ಕಾರಿನ ಇಂಜಿನ್ ಓಡಿಸಿ ಆರಿಸಿದ ಮೇಲೆ ಪೆಟ್ಟಿಗೆ ತೆಗೆದು, ಪೆಡಲು ಕಲ್ಲಾಗುವ ತನಕ ಒತ್ತಬೇಕು. ಆಮೇಲೆ ಪೆಟ್ಟಿಗೆ ಇಟ್ಟು, ತೋಳು ಒರಗದಂತೆ ಸೀಟು ಹಿಂದಕ್ಕೆ ಸರಿಸಬೇಕು. ಕಾರಿನ ಹಿಂದಿನ ಕೆಂಪು ದೀಪ ಆರಿದ್ದನ್ನು ನೀವೇ ನಿಂತು ನೋಡಿ. ಆರದಿದ್ದರೆ ಹಾಗೆ ಇಳಿಯಲು ಬಿಡಬೇಡಿ. ಬಸ್ಸಿನ ಸ್ಟಿಯರಿಂಗಿನ ಪಕ್ಕದ ದೀಪದ ಮೇಲಿನ ಪಟ್ಟಿ ಕಿತ್ತುಹಾಕಲು ಹೇಳಿ. ಹಳದಿ ಚೀಟಿಯಲ್ಲಿ ಅರ್ಧವೇ ಬರೆದಿತ್ತು, ಉಳಿದರ್ಧ ಇದು ಅಂತ ಮಾರೆನ್ ಹೇಳಿದಳು ಅನ್ನಿ.

ನನ್ನ ನಂಬರು ಕೆಳಗಿದೆ. ಅವರು ಸಿಕ್ಕಿದರೆ, ಘಾಟಿಯ ಯಾವ ಕಡೆಗಾದರೂ ಸರಿ, ಸಿಗ್ನಲ್ ಬಂದ ಕೂಡಲೇ ಫೋನ್ ಮಾಡಿ. ಸಿಗದಿದ್ದರೂ ಮಾಡಿ. ಮಲಗಿರಬಹುದು, ಇಷ್ಟು ಹೊತ್ತಿನಲ್ಲಿ ಹೇಗೆ ಮಾಡುವುದು ಅಂದುಕೊಳ್ಳಬೇಡಿ. ನಾನು ಎದ್ದಿರುವುದರಲ್ಲಿ ಪಳಗಿದವಳು, ಮೊದಲ ಗಂಟೆಗೇ ಎತ್ತುತ್ತೇನೆ. ನೀವು ಯಾರೋ ನನಗೆ ಗೊತ್ತಿಲ್ಲ, ಆದರೂ ಕೈಮುಗಿದು ಕೇಳುತ್ತಿದ್ದೇನೆ: ಬೆಳಗಾಗುವ ಮುಂಚೆ ಒಂದು ಫೋನ್ ಮಾಡಿ.